ಸಹಿ ನನ್ನದು, ಸೀಲು ಅವರದು

ಪ್ಯಾರಾಚೂಟ್ ಕಟ್ಟಿಸಿ ವಿಮಾನದಿಂದ ಜಿಗಿಸುವ ಕೇಂದ್ರಕ್ಕೆ ಡ್ರಾಪ್ ಜೋನ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಯಾವ ಡ್ರಾಪ್ ಜೋನ್‌ಗೆ ಹೋದರೂ ವಿಮಾನ ಹತ್ತುವ ಮೊದಲು ಒಂದು ಕಂತೆ ಕಾಗದಕ್ಕೆ ಸಹಿ ಹಾಕಬೇಕು. ಈಗ ಸುಮಾರು ಕಡೆ ಕಾಗದ ಹೋಗಿ ಟ್ಯಾಬ್ಲೆಟ್ ಬಂದಿದೆ, ವಿಷಯ ಮಾತ್ರ ಅದೇ. ಪ್ರತಿ ಪ್ಯಾರಾದ ಪಕ್ಕ ಒಂದು ಚೌಕ, ಅದರಲ್ಲಿ ನಿಮ್ಮ ಇನಿಷಿಯಲ್. ನಾನು ಸಾಯಬಹುದು ಅಂತ ನನಗೆ ಗೊತ್ತು, ಇನಿಷಿಯಲ್. ಕೈಕಾಲು ಮುರಿಯಬಹುದು, ಇನಿಷಿಯಲ್. ಇವರ ಅಜಾಗರೂಕತೆಯಿಂದಲೇ ಹಾಗಾದರೂ ನಾನು ಕೇಸ್ ಹಾಕುವುದಿಲ್ಲ, ಇನಿಷಿಯಲ್. ನಾನು ಸತ್ತ ಮೇಲೆ ಮನೆಯವರೂ ಹಾಕುವುದಿಲ್ಲ, ಇನಿಷಿಯಲ್. ಆಮೇಲೆ ಯಾರ್ಯಾರ ಮೇಲೆ ಹಾಕುವುದಿಲ್ಲ ಅನ್ನುವ ಪಟ್ಟಿ ಬರುತ್ತದೆ: ಡ್ರಾಪ್ ಜೋನ್, ಪೈಲಟ್, ವಿಮಾನದ ಮಾಲೀಕ, ಜಾಗದ ಮಾಲೀಕ, ಇನ್‌ಸ್ಟ್ರಕ್ಟರ್, ಪ್ಯಾರಾಚೂಟ್ ಮಡಚುವ ಪ್ಯಾಕರ್, ಅದನ್ನು ಪರೀಕ್ಷಿಸಿ ಸೀಲು ಹಾಕುವ ರಿಗ್ಗರ್, ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್ ಹೊಲಿದ ಕಂಪನಿ, ಪ್ಯಾರಾಚೂಟಿನ ಬಟ್ಟೆ ಅಂದರೆ ಕ್ಯಾನೋಪಿ ಹೊಲಿದ ಕಂಪನಿ. ಓದುತ್ತಾ ಹೋದರೆ ಕೊನೆಗೆ ಉಳಿಯುವ ಹೆಸರು ನಿಮ್ಮದೊಂದೇ.

ಇದಕ್ಕೆ ಇಲ್ಲಿ ವೇವರ್ ಅನ್ನುತ್ತಾರೆ. ಮೈಸೂರಿನಿಂದ ಬರುತ್ತಿರುವ ಗೆಳೆಯನೊಬ್ಬ ತಾನೂ ಹೆಂಡತಿಯೂ ಟ್ಯಾಂಡಮ್, ಅಂದರೆ ಇನ್‌ಸ್ಟ್ರಕ್ಟರ್ ಮೈಗೆ ಕಟ್ಟಿಸಿಕೊಂಡು, ಜಿಗಿಯಬೇಕು ಅಂತ ಆಸೆ ಪಟ್ಟಿದ್ದಾನೆ. ನಾನು ಲೈಸೆನ್ಸ್ ಇಟ್ಟುಕೊಂಡು ವಾರಾಂತ್ಯದಲ್ಲಿ ಜಿಗಿಯುವವನು ಅಂತ ನನ್ನನ್ನೇ ಕೇಳಿದ. "ಅದಕ್ಕೆ ಸಹಿ ಹಾಕಿದ ಮೇಲೆ ಮುಗೀತಲ್ವಾ ಮಾರಾಯ? ಪ್ಯಾರಾಚೂಟೇ ಕೆಟ್ಟದಾಗಿದ್ದರೂ ನಂದೇ ತಪ್ಪಾ?" ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳುವ ಉತ್ತರ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವೇವರ್‌ಗೆ ಕೋರ್ಟಿನಲ್ಲಿ ಬೆಲೆ ಇದೆಯಾ ಅನ್ನುವುದು. ನಮ್ಮಲ್ಲಿ ತುಂಬಾ ಜನ ಅದನ್ನು ಸುಮ್ನೆ ಹೆದರಿಸುವ ಕಾಗದ ಅಂದುಕೊಂಡಿರುತ್ತಾರೆ. ಹಾಗಲ್ಲ. ಇಲ್ಲಿನ ಎಲ್ಸಿನೋರ್ ಪ್ಯಾರಾಚೂಟ್ ಸೆಂಟರ್ ಮೇಲೆ ಒಂದು ಕೇಸ್ ಇತ್ತು, 1985ರಲ್ಲಿ ಕ್ಯಾಲಿಫೋರ್ನಿಯಾದ ಅಪೀಲು ಕೋರ್ಟ್ ತೀರ್ಪು ಕೊಟ್ಟಿತು. ಹೊಸದಾಗಿ ಕಲಿಯಲು ಬಂದ ಹುಡುಗನೊಬ್ಬ ಇಳಿಯುವಾಗ ಕರೆಂಟ್ ತಂತಿಗೆ ಬಡಿದು ಮಣಿಕಟ್ಟು ಮುರಿದುಕೊಂಡಿದ್ದ. ಸಹಿಯೂ ಅವನದೇ, ಇನಿಷಿಯಲ್ಲೂ ಅವನದೇ. ಕೋರ್ಟ್ ಹೇಳಿದ್ದು ಇಷ್ಟು: ಪ್ಯಾರಾಚೂಟ್ ಜಿಗಿತ ಆಸ್ಪತ್ರೆಯ ಹಾಗೆ ಜನರಿಗೆ ಬೇಕೇ ಬೇಕಾದ ಸೇವೆಯಲ್ಲ, ಇಷ್ಟಪಟ್ಟು ಹೋಗಿದ್ದೀಯ, ಏನು ಬಿಟ್ಟುಕೊಡುತ್ತಿದ್ದೀಯ ಅಂತ ಸ್ಪಷ್ಟವಾಗಿ ಬರೆದಿದೆ, ಸಹಿ ನಿಲ್ಲುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ತೀರ್ಪುಗಳಿವೆ. ಕೊಲರಾಡೋದಲ್ಲಿ 1981ರ ಒಂದು ತೀರ್ಪಿನಲ್ಲಂತೂ 17ನೇ ವಯಸ್ಸಿನಲ್ಲಿ ಹಾಕಿದ ಸಹಿಯೇ ಒಬ್ಬ ಹುಡುಗನಿಗೆ ಮುಳುವಾಯಿತು. ಮೈನರ್ ಆಗಿದ್ದಾಗ ಹಾಕಿದ ಸಹಿ ಹೇಗೆ ನಿಂತಿತು ಅಂದರೆ, 18 ತುಂಬಿದ ಮೇಲೂ ಅವನು ಅದೇ ಕಡೆ ಜಿಗಿಯುತ್ತಾ ಹೋದ, ಅಂದರೆ ಹಳೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟ ಹಾಗಾಯಿತು ಅಂದರು. ಅವನಿಗೆ ಗಾಯವಾಗಿದ್ದು ಜಿಗಿದಾಗಲೂ ಅಲ್ಲ, ಜಿಗಿಸಲು ಕರೆದುಕೊಂಡು ಹೋದ ವಿಮಾನ ಬಿದ್ದು. ಇವತ್ತು ಟ್ಯಾಂಡಮ್‌ಗೆ 18 ಆಗಿರಲೇಬೇಕು ಅಂತ ಟ್ಯಾಂಡಮ್ ಸಲಕರಣೆ ಮಾಡುವ ಕಂಪನಿಗಳೇ ಹಟ ಹಿಡಿಯುವುದಕ್ಕೆ ಕಾರಣ ದೇಹದ ಬೆಳವಣಿಗೆಗಿಂತ ಹೆಚ್ಚಾಗಿ ಸಹಿಯ ತೂಕ.

ಎಲ್ಲ ಕಡೆ ಹೀಗಿಲ್ಲ. ಇಂಗ್ಲೆಂಡಿನಲ್ಲಿ 1977ರ ಕಾಯ್ದೆ ಬಂದಾಗಿನಿಂದ ತಮ್ಮ ಅಜಾಗರೂಕತೆಯಿಂದ ಸಾವು ಅಥವಾ ಗಾಯ ಆದರೆ ಯಾವ ವ್ಯಾಪಾರವೂ ಕಾಗದ ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲೂ 2007ರಿಂದ ಒಂದು ಗೆರೆ ಇದೆ. ಸಾಮಾನ್ಯ ಅಜಾಗರೂಕತೆಯನ್ನು ವೇವರ್ ಮುಚ್ಚುತ್ತದೆ, ತೀರಾ ಘೋರವಾದ ನಿರ್ಲಕ್ಷ್ಯವನ್ನು ಮುಚ್ಚುವುದಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

ಇದೆಲ್ಲ ಜಿಗಿಸುವವರ ಮಾತಾಯಿತು. ತಯಾರಿಸಿದವರದ್ದು ಬೇರೆ ಕಥೆ.

1963ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಮರಗೆಲಸದ ಒಂದು ಯಂತ್ರದ ಕೇಸಿನಲ್ಲಿ ಹೊಸ ದಾರಿ ಹಾಕಿತು. ಹೆಂಡತಿ ಉಡುಗೊರೆ ಕೊಟ್ಟ ಯಂತ್ರ, ಕೆಲಸ ಮಾಡುವಾಗ ಮರದ ತುಂಡು ಹಾರಿ ಗಂಡನ ಹಣೆಗೆ ಬಡಿಯಿತು. ಕಂಪನಿ ಅಜಾಗರೂಕವಾಗಿತ್ತು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ, ವಸ್ತುವಿನಲ್ಲಿ ದೋಷ ಇತ್ತು, ಅದರಿಂದ ಗಾಯ ಆಯಿತು ಅಂತ ತೋರಿಸಿದರೆ ಸಾಕು, ತಯಾರಕ ಹೊಣೆ. ಎರಡು ವರ್ಷದಲ್ಲಿ ಇದು ಅಮೆರಿಕದ ಕಾನೂನು ಪಂಡಿತರ ಕೈಪಿಡಿಗೂ ಸೇರಿತು. ಈಗ ಈ ನಿಯಮವನ್ನು ಡ್ರಾಪ್ ಜೋನಿನ ವೇವರ್ ಎದುರು ನಿಲ್ಲಿಸಿ ನೋಡಿ. 1982ರಲ್ಲಿ ಇಲಿನಾಯ್ಸ್‌ನ ಫೆಡರಲ್ ಕೋರ್ಟಿನ ಮುಂದೆ ಪ್ಯಾರಾಚೂಟ್ ಜಿಗಿತದಲ್ಲಿ ಗಾಯವಾದ ಕೇಸೊಂದು ಬಂದಾಗ, ದೋಷವಿರುವ ವಸ್ತುವಿನ ಹೊಣೆಯನ್ನು ವೇವರ್ ಮುಚ್ಚಲಾರದು ಅಂದರು. 1993ರಲ್ಲಿ ಬಾಡಿಗೆಗೆ ತಂದ ಸ್ಕೀ ಬೈಂಡಿಂಗ್ ಬಿಚ್ಚಿಕೊಳ್ಳದೆ ಗಾಯವಾದ ಕೇಸಿನಲ್ಲಿ ಕ್ಯಾಲಿಫೋರ್ನಿಯಾ ಅಪೀಲು ಕೋರ್ಟೂ ಅದೇ ದಾರಿ ಹಿಡಿಯಿತು.

ಹಾಗಾದರೆ ಗೆಳೆಯನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ? ಪ್ಯಾರಾಚೂಟ್ ಕೆಟ್ಟದಾಗಿದ್ದರೆ ಕಂಪನಿಯನ್ನು ಹಿಡಿ ಅಂತ? ಕಾಗದದ ಮೇಲೆ ಹೌದು. ಆದರೆ ಈ ಆಟದ ಕಂಪನಿಗಳನ್ನು ಹತ್ತಿರದಿಂದ ನೋಡಿದರೆ ಅಷ್ಟು ಸಲೀಸಿಲ್ಲ.

ಪ್ಯಾರಾಚೂಟ್ ಕಂಪನಿ ಅಂದರೆ ಕಾರಿನ ಕಂಪನಿ ತರಹ ದೊಡ್ಡದು ಅಂದುಕೊಳ್ಳಬೇಡಿ. ಫ್ಲೋರಿಡಾದ ಡಿಲ್ಯಾಂಡ್ ಅನ್ನುವ ಸಣ್ಣ ಊರಲ್ಲಿ ಇರುವ ಕಂಪನಿಗಳೇ ಜಗತ್ತಿನ ಅರ್ಧ ಡ್ರಾಪ್ ಜೋನ್‌ಗಳಲ್ಲಿ ಕಾಣಿಸುತ್ತವೆ ಅನ್ನಬಹುದು. ಹೊಲಿಗೆ ಮೆಷಿನ್, ಕತ್ತರಿಸುವ ಮೇಜು, ನೈಲಾನ್ ಥಾನುಗಳು, ಅಷ್ಟೇ. ಜಿಗಿಯುವ ಹುಚ್ಚು ಹಿಡಿದವರೇ ಶುರು ಮಾಡಿದ ಕಂಪನಿಗಳು. ಅವುಗಳಲ್ಲಿ ಹಲವಕ್ಕೆ ಹೊಣೆಗಾರಿಕೆಯ ವಿಮೆಯೇ ಇಲ್ಲ, ಯಾಕಂದರೆ ಕಟ್ಟಬಲ್ಲ ಬೆಲೆಗೆ ಯಾರೂ ಕೊಡುವುದಿಲ್ಲ. ಒಂದು ದೊಡ್ಡ ತೀರ್ಪು ಬಂದರೆ ಬಾಗಿಲು ಮುಚ್ಚಿದಂತೆ. ನಿಮಗೆ ದುಡ್ಡೂ ಸಿಗುವುದಿಲ್ಲ, ಉಳಿದವರಿಗೆ ಮೊದಲನೆಯದು ಕೈಕೊಟ್ಟಾಗ ಬೇಕಾದ ಎರಡನೆಯದು, ಅಂದರೆ ರಿಸರ್ವ್ ಕ್ಯಾನೋಪಿಯೂ ಸಿಗುವುದಿಲ್ಲ. ಅದಕ್ಕೇ ಹೊಸ ಕ್ಯಾನೋಪಿ ತಂದು ಬಿಚ್ಚಿದರೆ ಅದರ ಮೇಲೊಂದು ಎಚ್ಚರಿಕೆಯ ಪಟ್ಟಿ ಹೊಲಿದಿರುತ್ತದೆ: ಈ ವಸ್ತುವನ್ನು ಇದ್ದ ದೋಷಗಳ ಸಮೇತ ಮಾರುತ್ತಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ, ಒಪ್ಪಿಗೆ ಇಲ್ಲದಿದ್ದರೆ ಬಳಸುವ ಮೊದಲೇ ವಾಪಸ್ ಕೊಡಿ. ಪ್ರಾಣ ಉಳಿಸುವ ಬಟ್ಟೆಯ ಮೇಲೇ ಹೀಗೆ ಬರೆದಿದ್ದು ಮೊದಲ ಸಲ ನೋಡಿದಾಗ ನಗು ಬರುತ್ತದೆ, ಆಮೇಲೆ ಸ್ವಲ್ಪ ಹೊಟ್ಟೆ ತೊಳಸುತ್ತದೆ.

ಡಿಲ್ಯಾಂಡ್ ಅಂದ ಮೇಲೆ ಬಿಲ್ ಬೂತ್ ಹೆಸರು ಹೇಳದಿದ್ದರೆ ಆಗದು. ಎದೆಯವರೆಗೆ ಗಡ್ಡ ಬಿಟ್ಟ ಮನುಷ್ಯ. ಟ್ಯಾಂಡಮ್‌ಗೆ ಹೋದವರಿಗೆ ವೇವರ್ ಜೊತೆ ತೋರಿಸುತ್ತಿದ್ದ ವಿಡಿಯೋದಲ್ಲಿ ಕೂತು, ಪರಿಪೂರ್ಣವಾದ ಪ್ಯಾರಾಚೂಟ್ ಅನ್ನುವುದು ಇಲ್ಲ, ವಿಮಾನ ಇಲ್ಲ, ಪೈಲಟ್ ಇಲ್ಲ, ಮುಂದೆಯೂ ಬರುವುದಿಲ್ಲ ಅಂತ ಸಮಾಧಾನವಾಗಿ ಹೇಳುತ್ತಿದ್ದವನು ಅವನೇ. ನೋಡಿದರೆ ಕೇಸಿನಿಂದ ನುಣುಚಿಕೊಳ್ಳುವ ವ್ಯಾಪಾರಿ ಅನ್ನಿಸಬಹುದು. ಆದರೆ ಈ ಆಟವನ್ನು ಅವನಷ್ಟು ಸುರಕ್ಷಿತ ಮಾಡಿದವರು ಕಡಿಮೆ. 1970ರ ದಶಕದಲ್ಲಿ ಅವನು ಮಾಡಿದ ಮೂರು ರಿಂಗಿನ ಬಿಡುಗಡೆ ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ರಿಗ್‌ಗಳ, ಅಂದರೆ ಬೆನ್ನಿಗೆ ಕಟ್ಟಿಕೊಳ್ಳುವ ಇಡೀ ಸಲಕರಣೆಯ, ಭುಜದ ಮೇಲಿದೆ. ದೊಡ್ಡ ರಿಂಗ್, ಅದರೊಳಗಿಂದ ಮಡಚಿದ ನಡುವಿನ ರಿಂಗ್, ಅದರೊಳಗಿಂದ ಚಿಕ್ಕದು, ಚಿಕ್ಕದನ್ನು ಹಿಡಿದಿರುವುದು ಒಂದು ಬಿಳಿ ದಾರದ ಕುಣಿಕೆ, ಕುಣಿಕೆಯೊಳಗೆ ಒಂದು ಹಳದಿ ಕೇಬಲ್. ಪ್ರತಿ ರಿಂಗೂ ಭಾರವನ್ನು ತುಂಬಾ ಪಾಲು ಕಡಿಮೆ ಮಾಡುತ್ತಾ ಬರುವುದರಿಂದ, ಇಡೀ ಮನುಷ್ಯ ನೇತಾಡುತ್ತಿದ್ದರೂ ಕೊನೆಯ ಕುಣಿಕೆಯ ಮೇಲೆ ಬೀಳುವ ಎಳೆತ ಚೂರೇ ಚೂರು. ಮೇನ್ ಪ್ಯಾರಾಚೂಟ್ ಗೋಜಲಾದರೆ ಒಂದೇ ಹಿಡಿಕೆ ಎಳೆದರೆ ಸಾಕು, ಎರಡೂ ಭುಜ ಒಟ್ಟಿಗೆ ಬಿಟ್ಟುಕೊಂಡು ರಿಸರ್ವ್‌ಗೆ ಜಾಗ ಆಗುತ್ತದೆ.

ಈ ಮೂರು ರಿಂಗು ನನ್ನ ಮಾತಿಗೂ ಒಳ್ಳೆಯ ಉದಾಹರಣೆ. ವಿನ್ಯಾಸ ಕಂಪನಿಯದು. ಆದರೆ ಕೈಪಿಡಿಯಲ್ಲಿ ಬರೆದಿದೆ, ತಿಂಗಳಿಗೊಮ್ಮೆ ರಿಂಗುಗಳನ್ನು ಬಿಚ್ಚಿ ಪಟ್ಟಿಯನ್ನು ಹಿಂದೆ ಮುಂದೆ ಬಗ್ಗಿಸಬೇಕು, ಇಲ್ಲದಿದ್ದರೆ ನೈಲಾನ್ ಅದೇ ಆಕಾರಕ್ಕೆ ಸೆಟೆದುಕೊಂಡು ಬೇಕಾದಾಗ ಬಿಡುವುದಿಲ್ಲ. ಹಳದಿ ಕೇಬಲ್ ಒರೆಸಬೇಕು. ಡ್ರಾಪ್ ಜೋನಿನ ಕಾರ್ಪೆಟ್ ಮೇಲೆ ಭಾನುವಾರ ಬೆಳಿಗ್ಗೆ ಸುಮ್ನೆ ಕಣ್ಣಾಡಿಸಿ, ಎಷ್ಟು ಜನ ಇದನ್ನು ಮಾಡುತ್ತಾರೆ ಅಂತ. ಮಾಡದವನಿಗೆ ಕಟ್‌ಅವೇ, ಅಂದರೆ ಮೇನ್ ಬಿಡಿಸಿಕೊಳ್ಳುವ ಎಳೆತ, ಬಿಗಿಯಾಗಿ ತೊಂದರೆ ಆದರೆ ಕಂಪನಿಯನ್ನು ಬೈಯುವ ಹಕ್ಕು ಅವನಿಗಿಲ್ಲ ಅಂತಲೇ ನಾನು ಹೇಳುತ್ತೇನೆ.

ಮೇನ್ ಪ್ಯಾಕ್ ಮಾಡುವುದೂ ಹಾಗೇ. ನಿಯಮದ ಪ್ರಕಾರ ನಾನು ಜಿಗಿಯುವ ಮೇನ್ ಅನ್ನು ನಾನೇ ಮಡಚಬಹುದು, ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ: ರಿಸರ್ವ್ ಕ್ಯಾನೋಪಿ, ಹಾರ್ನೆಸ್, ಪ್ಯಾರಾಚೂಟ್ ಮಡಚಿಡುವ ಚೀಲ ಅಂದರೆ ಕಂಟೇನರ್, ಇವುಗಳಿಗೆ ಅಮೆರಿಕದ ವಿಮಾನಯಾನ ಇಲಾಖೆಯ ಒಪ್ಪಿಗೆ ಬೇಕು, ಮೇನ್ ಕ್ಯಾನೋಪಿಗೆ ಬೇಡ. ಯಾವ ಗಾತ್ರದ, ಎಷ್ಟು ವೇಗದ ಮೇನ್ ಹಾರಿಸುತ್ತೀರಿ ಅನ್ನುವುದು ಬಹುಮಟ್ಟಿಗೆ ನಿಮ್ಮ ಮತ್ತು ನಿಮ್ಮ ಅಹಂಕಾರದ ನಡುವಿನ ವಿಷಯ.

ಅಹಂಕಾರ ಅಂತ ಬೇಕೆಂದೇ ಬರೆದೆ. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಲ್ಲಿ 2023ರಲ್ಲಿ ಇಡೀ ದೇಶದಲ್ಲಿ ಸುಮಾರು 36 ಲಕ್ಷ ಜಿಗಿತಗಳಿಗೆ 10 ಸಾವು. 1970ರ ದಶಕದಲ್ಲಿ ಇದರ ಎಷ್ಟೋ ಕಡಿಮೆ ಜಿಗಿತಗಳಿಗೆ ವರ್ಷಕ್ಕೆ ನಲವತ್ತಕ್ಕೂ ಜಾಸ್ತಿ ಜನ ಸಾಯುತ್ತಿದ್ದರು. ಸಲಕರಣೆ ಅಷ್ಟು ಸುಧಾರಿಸಿದೆ. ಹಾಗಾದರೆ ಈಗಲೂ ಯಾಕೆ ಸಾಯುತ್ತಾರೆ ಅಂತ ನೋಡಿದರೆ, ಪ್ರತಿ ವರ್ಷದ ಪಟ್ಟಿಯಲ್ಲಿ ದೊಡ್ಡ ಪಾಲು ಪೂರ್ತಿ ಬಿಚ್ಚಿಕೊಂಡ, ಏನೂ ದೋಷವಿಲ್ಲದ ಪ್ಯಾರಾಚೂಟ್ ಕೆಳಗೆ ಇಳಿಯುವಾಗ ಸತ್ತವರದ್ದು. ನೆಲದ ಹತ್ತಿರ ಜೋರಾಗಿ ತಿರುಗಿಸುತ್ತಾರೆ, ಕ್ಯಾನೋಪಿ ಮೂತಿ ಕೆಳಗೆ ಮಾಡಿ ನುಗ್ಗುತ್ತದೆ, ನೇರವಾಗಲು ಎತ್ತರ ಸಾಲುವುದಿಲ್ಲ. ಸಲಕರಣೆ ಎಷ್ಟು ಸುರಕ್ಷಿತವಾಗುತ್ತದೋ ಜಿಗಿಯುವವರು ಅಷ್ಟೇ ಜಾಸ್ತಿ ಅಪಾಯ ಮೈಮೇಲೆ ಎಳೆದುಕೊಂಡು ಸಾವಿನ ಲೆಕ್ಕವನ್ನು ಸಮ ಮಾಡುತ್ತಾರೆ ಅಂತ ಬೂತ್ ಒಂದು ನಿಯಮವನ್ನೇ ಮಾಡಿಟ್ಟಿದ್ದಾನೆ. ಲೆಕ್ಕ ಸಮವಾಗಿಲ್ಲ, ಇಳಿದಿದೆ, ಆದರೆ ಮನುಷ್ಯರ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ. ಕಲಿಯುವವರಿಗೆ ಒಂದು ಚದರ ಅಡಿ ಬಟ್ಟೆಗೆ ಒಂದು ಪೌಂಡು ಭಾರ, ಅದಕ್ಕಿಂತ ಹೆಚ್ಚು ಬೇಡ ಅನ್ನುತ್ತಾರೆ. ಅಂದರೆ ಬಟ್ಟೆಬರೆ ಸಲಕರಣೆ ಎಲ್ಲ ಸೇರಿ 200 ಪೌಂಡು ತೂಗುವವನಿಗೆ 200 ಚದರ ಅಡಿಯ ಕ್ಯಾನೋಪಿ. ಅವನು ಆತುರಪಟ್ಟು 120ಕ್ಕೆ ಇಳಿದು ಕಾಲು ಮುರಿದುಕೊಂಡರೆ ಅದು ಕ್ಯಾನೋಪಿ ಹೊಲಿದವರ ಪಾಪ ಹೇಗಾಗುತ್ತದೆ? ಈ ವಿಷಯದಲ್ಲಿ ನಾನು ಕಂಪನಿಗಳ ಪಕ್ಷ.

ನನ್ನ ಪಕ್ಷ ಬದಲಾಗುವುದು ಬೆನ್ನಿನ ಮೇಲಿನ ಅರ್ಧಕ್ಕೆ ಬಂದಾಗ. ರಿಸರ್ವ್ ಇರುವ ಜಾಗ ಅದು.

ರಿಗ್‌ನಲ್ಲಿ ಮೇನ್ ಕೆಳಗಿರುತ್ತದೆ, ರಿಸರ್ವ್ ಮೇಲಿರುತ್ತದೆ. ರಿಸರ್ವ್ ಫ್ಲ್ಯಾಪ್ ಎತ್ತಿ ನೋಡಿದರೆ ಒಂದು ಪಿನ್ ಕಾಣುತ್ತದೆ, ಪಿನ್ ಸುತ್ತ ತೆಳ್ಳಗಿನ ಕೆಂಪು ದಾರ, ದಾರದ ತುದಿಗೆ ಒತ್ತಿದ ಪುಟ್ಟ ಸೀಸದ ಸೀಲು. ಸೀಲಿನ ಮೇಲೆ ರಿಗ್ಗರ್‌ನ ಗುರುತು. ಜೇಬಿನಲ್ಲಿ ಒಂದು ಕಾರ್ಡು, ಅದರಲ್ಲಿ ತಾರೀಖು, ಸಹಿ. 180 ದಿನಕ್ಕೊಮ್ಮೆ ಸರ್ಟಿಫಿಕೇಟ್ ಇರುವ ರಿಗ್ಗರ್ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿ ಸೀಲು ಹಾಕಬೇಕು. ನಾನು ಆ ದಾರ ಕಿತ್ತು ಒಳಗೆ ನೋಡುವ ಹಾಗಿಲ್ಲ. ಕಿತ್ತರೆ ಆ ರಿಗ್ ಹಾಕಿಕೊಂಡು ವಿಮಾನ ಹತ್ತುವ ಹಾಗಿಲ್ಲ. ನೋಡಲು ಕಾನೂನೇ ಬಿಡದ ಜಾಗದಲ್ಲಿ ಏನು ಕೆಟ್ಟರೂ ನಿನ್ನದೇ ಹೊಣೆ ಅಂತ ಸಹಿ ಮಾಡಿಸಿಕೊಳ್ಳುವುದು ಯಾವ ನ್ಯಾಯ? ನಾನು ನೋಡಬಹುದಾದ, ಆರಿಸಬಹುದಾದ, ಎಳೆಯಬಹುದಾದ ಎಲ್ಲದಕ್ಕೂ ನಾನೇ ಹೊಣೆ. ಸೀಲಿನ ಒಳಗಿರುವುದಕ್ಕೆ ಸೀಲು ಹಾಕಿದವನು ಮತ್ತು ಒಳಗಿನ ವಸ್ತು ಮಾಡಿದವನು ಹೊಣೆ. ಈ ವಾದವನ್ನು ನಾನು ಜಿಗಿಯುವ ಗೆಳೆಯರ ಹತ್ತಿರ ಹೇಳಿದಾಗೆಲ್ಲ ಒಬ್ಬರಾದರೂ ಮುಖ ಗಂಟು ಹಾಕುತ್ತಾರೆ.

ಆ ಸೀಲಿನ ಒಳಗೆ ಕ್ಯಾನೋಪಿ ಜೊತೆ ಇನ್ನೊಂದು ವಸ್ತು ಇರುತ್ತದೆ, ಎಎಡಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಂಪ್ಯೂಟರ್. ಜಿಗಿದವನು ಪ್ರಜ್ಞೆ ತಪ್ಪಿದರೆ, ಎತ್ತರದ ಅಂದಾಜು ತಪ್ಪಿದರೆ, ಅದೇ ರಿಸರ್ವ್ ಬಿಚ್ಚುತ್ತದೆ. ಇದರಲ್ಲಿ ಹೆಸರಾದದ್ದು ಜರ್ಮನಿಯ ಸೈಪ್ರೆಸ್, 1991ರಲ್ಲಿ ಹೆಲ್ಮುಟ್ ಕ್ಲೋತ್ ತಂದದ್ದು. ಗಾಳಿಯ ಒತ್ತಡ ಅಳೆಯುತ್ತಾ ಇರುತ್ತದೆ, ಸುಮಾರು 750 ಅಡಿಗೆ ಬಂದರೂ ಗಂಟೆಗೆ 78 ಮೈಲಿಗಿಂತ ಜೋರಾಗಿ ಬೀಳುತ್ತಿದ್ದರೆ ಒಂದು ಪುಟ್ಟ ಸಿಡಿಮದ್ದು ಹಾರಿಸುತ್ತದೆ. ಆ ಸಿಡಿಮದ್ದು ಒಂದು ಬ್ಲೇಡನ್ನು ತಳ್ಳಿ ರಿಸರ್ವ್ ಮುಚ್ಚಿರುವ ದಾರವನ್ನು ಕತ್ತರಿಸುತ್ತದೆ. ಅಲ್ಲಿಂದ ನೆಲಕ್ಕೆ ಉಳಿದಿರುವುದು ನಾಲ್ಕು ಸೆಕೆಂಡು. ಎಷ್ಟು ಜನ ಇದರಿಂದ ಬದುಕಿದ್ದಾರೆ ಅಂತ ಡ್ರಾಪ್ ಜೋನಿನಲ್ಲಿ ಕೇಳಿದರೆ ಕಥೆಗಳಿಗೆ ಬರವಿಲ್ಲ.

ಬೆಲ್ಜಿಯಂನ ಆರ್ಗಸ್ ಅನ್ನುವ ಎಎಡಿ ಕೂಡ ಮಾರುಕಟ್ಟೆಯಲ್ಲಿತ್ತು. ಅದರ ಕಟ್ಟರ್ ಕೆಲವು ಕಡೆ ಸಿಡಿದರೂ ದಾರವನ್ನು ಪೂರ್ತಿ ಕತ್ತರಿಸಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಭಯ ಹುಟ್ಟಿಸಿದ್ದು ಇನ್ನೊಂದು: ಬ್ಲೇಡ್ ದಾರವನ್ನು ಕತ್ತರಿಸದೆ ಕಚ್ಚಿ ಹಿಡಿದುಬಿಟ್ಟರೆ, ಜಿಗಿದವನು ತನ್ನ ಕೈಯಾರೆ ಹಿಡಿಕೆ ಎಳೆದು ಪಿನ್ ತೆಗೆದರೂ ರಿಸರ್ವ್ ಬಿಚ್ಚಿಕೊಳ್ಳದೆ ಹೋಗಬಹುದು. ಅಂದರೆ ಪ್ರಾಣ ಉಳಿಸಲು ಹಾಕಿಸಿದ ಡಬ್ಬಿಯೇ ಕೊನೆಯ ಬಾಗಿಲಿಗೆ ಚಿಲಕ ಹಾಕಿದಂತೆ. 2011ರಲ್ಲಿ ಹಾರ್ನೆಸ್ ಕಂಪನಿಗಳು ಒಂದರ ಹಿಂದೆ ಒಂದು ನಮ್ಮ ಕಂಟೇನರ್‌ನಲ್ಲಿ ಆರ್ಗಸ್ ಹಾಕಬೇಡಿ ಅಂತ ನೋಟಿಸ್ ಹೊರಡಿಸಿದವು. ಅಲ್ಲಿಗೆ ಅದರ ಕಥೆ ಮುಗಿಯಿತು.

ಇದರಲ್ಲಿ ಜಿಗಿಯುವವನ ಜವಾಬ್ದಾರಿ ಎಲ್ಲಿದೆ ಹೇಳಿ. ಅವನು ದುಡ್ಡು ಕೊಟ್ಟ, ರಿಗ್ಗರ್ ಹತ್ತಿರ ಹಾಕಿಸಿದ, ಸ್ವಿಚ್ ಒತ್ತಿ ಆನ್ ಮಾಡಿದ. ಕಟ್ಟರ್‌ನ ಬ್ಲೇಡ್ ಹೇಗಿದೆ ಅಂತ ಅವನಿಗೆ ಯಾವ ಜನ್ಮದಲ್ಲೂ ಗೊತ್ತಾಗುವುದಿಲ್ಲ. ಆದರೂ ಆರ್ಗಸ್ ನಿಷೇಧ ಬಂದಾಗ ಮೂಲೆಗೆ ಬಿದ್ದ ಡಬ್ಬಿಯ ನಷ್ಟ ಕೊಂಡವನ ತಲೆಗೇ ಬಂತು.

ನಡುವಿನ ಕೇಸುಗಳೂ ಇವೆ. ಅವೇ ನನಗೆ ಜಾಸ್ತಿ ಇಷ್ಟ, ಯಾಕಂದರೆ ಯಾರ ಕಡೆ ವಾಲಬೇಕು ಅಂತ ತೋಚುವುದಿಲ್ಲ. ಸೈಪ್ರೆಸ್ ಬಂದ ಕಾಲದಲ್ಲಿ ಕ್ಯಾನೋಪಿ ಬಿಚ್ಚಿದ ಮೇಲೆ ಯಾರೂ ಗಂಟೆಗೆ 78 ಮೈಲಿ ವೇಗದಲ್ಲಿ ಕೆಳಗೆ ನುಗ್ಗುತ್ತಿರಲಿಲ್ಲ. ಆಮೇಲೆ ಕ್ಯಾನೋಪಿಗಳು ಚಿಕ್ಕದಾದವು, ನೆಲದ ಹತ್ತಿರ ಸುರುಳಿ ಹೊಡೆದು ಹುಲ್ಲಿನ ಮೇಲೆ ಜಾರುವ ಆಟ ಶುರುವಾಯಿತು, ಹಾಗೆ ತಿರುಗಿಸಿದಾಗ ಡಬ್ಬಿಗೆ ಇವನು ಬೀಳುತ್ತಿದ್ದಾನೆ ಅನ್ನಿಸಿ ರಿಸರ್ವ್ ಹಾರಿಸಿದ್ದೂ ಆಗಿದೆ. ಕಂಪನಿ ಅಂಥವರಿಗಾಗಿ 102 ಮೈಲಿಯ ಬೇರೆ ಮಾದರಿ ತಂದಿತು. ಯಂತ್ರ ತನ್ನ ಕೈಪಿಡಿಯಲ್ಲಿ ಬರೆದ ಹಾಗೇ ನಡೆದುಕೊಂಡಿತ್ತು, ಹಾಗಾಗಿ ದೋಷ ಅನ್ನಲು ಆಗದು. ಆದರೆ ಆಟ ಎತ್ತ ಹೋಗುತ್ತಿದೆ ಅಂತ ಕಂಪನಿಗೆ ಗೊತ್ತಿರಲಿಲ್ಲವಾ? ಅದರ ಗಿರಾಕಿಗಳೇ ಅವರು. ನನಗೆ ಕೇಳಿದರೆ ಮೊದಲ ಸಲ ಹಾಗಾದಾಗ ತಪ್ಪು ಜಿಗಿದವನದೇ, ಗೊತ್ತಾದ ಮೇಲೂ ಸುಮ್ಮನೆ ಮಾರುತ್ತಾ ಹೋಗಿದ್ದರೆ ಕಂಪನಿಯದು. ಅವರು ಸುಮ್ಮನಿರಲಿಲ್ಲ.

ಇನ್ನು ಗೆಳೆಯನ ವಿಷಯ, ಅಂದರೆ ಟ್ಯಾಂಡಮ್. ಇಲ್ಲಿ ನನ್ನ ಅರ್ಧ ವಾದ ತಾನಾಗಿ ಬಿದ್ದುಹೋಗುತ್ತದೆ. ಟ್ಯಾಂಡಮ್‌ನಲ್ಲಿ ಮುಂದೆ ಕಟ್ಟಿಸಿಕೊಂಡವನು ಏನನ್ನೂ ಆರಿಸುವುದಿಲ್ಲ. ಕ್ಯಾನೋಪಿ, ಎತ್ತರ, ಪ್ಯಾಕ್ ಮಾಡಿದವರು ಯಾರು, ಯಾವುದೂ ಅವನ ಕೈಯಲ್ಲಿಲ್ಲ. ಬಾಳೆಹಣ್ಣಿನ ಹಾಗೆ ಬೆನ್ನು ಬಾಗಿಸು, ಇಳಿಯುವಾಗ ಕಾಲು ಎತ್ತು, ಇಷ್ಟೇ ಅವನ ಪಾಲಿನ ಕೆಲಸ. ಆದರೂ ನೂರಾರು ಸಲ ಜಿಗಿದ ನನಗೂ ಅವನಿಗೂ ಒಂದೇ ತರಹದ ಕಾಗದ. ನಿಯಮಗಳು ಅವನ ಪರವಾಗಿ ಇನ್‌ಸ್ಟ್ರಕ್ಟರ್ ಮೇಲೆ ಭಾರ ಹಾಕಿವೆ: ಮೂರು ವರ್ಷದ ಅನುಭವ, 500 ಜಿಗಿತ, ಆ ಟ್ಯಾಂಡಮ್ ರಿಗ್ ಮಾಡಿದ ಕಂಪನಿಯಿಂದ ಅಥವಾ ಮಾನ್ಯ ತರಬೇತುದಾರರಿಂದ ಸರ್ಟಿಫಿಕೇಟ್, ರಿಸರ್ವ್‌ನಲ್ಲಿ ಕಡ್ಡಾಯವಾಗಿ ಎಎಡಿ. ಕಾಗದದ ಮೇಲೆ ಚೆನ್ನಾಗಿದೆ. 2016ರ ಆಗಸ್ಟಿನಲ್ಲಿ ಇದೇ ಕ್ಯಾಲಿಫೋರ್ನಿಯಾದ ಲೋಡೈ ಹತ್ತಿರ 18 ವರ್ಷದ ಹುಡುಗನೊಬ್ಬ ಟ್ಯಾಂಡಮ್‌ನಲ್ಲಿ ಸತ್ತ, ಇನ್‌ಸ್ಟ್ರಕ್ಟರ್ ಕೂಡ ಸತ್ತ. ಆಮೇಲೆ ಗೊತ್ತಾಯಿತು, ಆ ಇನ್‌ಸ್ಟ್ರಕ್ಟರ್‌ಗೆ ಸರಿಯಾದ ಸರ್ಟಿಫಿಕೇಟೇ ಇರಲಿಲ್ಲ. ಅವನಂಥವರಿಗೆ ತರಬೇತಿ ಕೊಟ್ಟವನ ಸ್ವಂತ ಮಾನ್ಯತೆಯನ್ನು ಸಂಘವೂ ರಿಗ್ ಮಾಡಿದ ಕಂಪನಿಯೂ ಅದಕ್ಕೆ ಮೊದಲೇ ತಡೆಹಿಡಿದಿದ್ದವು, ಅವನು ಇನ್ನೊಬ್ಬರ ಸಹಿ ಬಳಸಿ ಕಾಗದ ಕಳಿಸುತ್ತಿದ್ದ. 2021ರಲ್ಲಿ ಕೋರ್ಟ್ ಹುಡುಗನ ಮನೆಯವರಿಗೆ 4 ಕೋಟಿ ಡಾಲರ್ ಕೊಡಬೇಕು ಅಂದಿತು, 2024ರಲ್ಲಿ ಆ ತರಬೇತುದಾರನಿಗೆ ಎರಡು ವರ್ಷ ಜೈಲಾಯಿತು. ಅವನಿಗೆ ಶಿಕ್ಷೆ ಆಗಿದ್ದು ವಂಚನೆ ಮತ್ತು ಗುರುತಿನ ದುರುಪಯೋಗಕ್ಕೆ. ಸಾವಿಗೆ ಅಂತ ಯಾರಿಗೂ ಜೈಲಾಗಲಿಲ್ಲ.

ಇಲ್ಲಿ ತಯಾರಕ ಕಂಪನಿ ಒಳ್ಳೆಯ ಕೆಲಸವನ್ನೇ ಮಾಡಿತ್ತು ನೋಡಿ, ಆ ಮನುಷ್ಯನನ್ನು ತಡೆಹಿಡಿದಿತ್ತು. ಅದರಾಚೆ ಹೋಗಿ ಡ್ರಾಪ್ ಜೋನಿಗೆ ಬೀಗ ಹಾಕುವ ಅಧಿಕಾರ ಅದಕ್ಕಿಲ್ಲ.

ನಮ್ಮ ದೇಶದ ಮಾತಿಗೆ ಬಂದರೆ, ಗೆಳೆಯ ಕೇಳಿದ ಪ್ರಶ್ನೆ ಮೈಸೂರಿನಲ್ಲೇ ಕೇಳಬಹುದಾದದ್ದು, ಯಾಕಂದರೆ ಅಲ್ಲೂ ಟ್ಯಾಂಡಮ್ ನಡೆದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲ ಉತ್ಪನ್ನದ ಹೊಣೆಗೆ ಒಂದು ಅಧ್ಯಾಯವೇ ಬಂತು, 82ರಿಂದ 87ನೇ ಸೆಕ್ಷನ್. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಎಚ್ಚರಿಕೆ ಕೊಡದಿರುವುದು, ಎಲ್ಲಕ್ಕೂ ತಯಾರಕ ಹೊಣೆ. ತಪ್ಪಾಗಿ ಬಳಸಿದರೆ, ಮಾರ್ಪಾಡು ಮಾಡಿಕೊಂಡರೆ ಮಾರಿದವನಿಗೆ ವಿನಾಯಿತಿ ಇದೆ. ಇನ್ನು ಸಹಿಯ ಬೆಲೆ. ಊರಲ್ಲಿ ಪಾರ್ಕಿಂಗ್ ಜಾಗದಲ್ಲೆಲ್ಲ "ವಾಹನಗಳಿಗೆ ಮಾಲೀಕರೇ ಜವಾಬ್ದಾರರು" ಅಂತ ಬೋರ್ಡ್ ಇರುತ್ತದಲ್ಲ, ವೇವರ್ ಅಂದರೆ ಅದರ ದೊಡ್ಡಣ್ಣ. ದೆಹಲಿಯ ಒಂದು ಪಂಚತಾರಾ ಹೋಟೆಲಿನವರು ತಾವೇ ಕೀ ಇಸಿದುಕೊಂಡು ನಿಲ್ಲಿಸಿದ ಕಾರು ಕಳುವಾದ ಕೇಸಿನಲ್ಲಿ, ಟೋಕನ್ ಮೇಲೆ ಹಾಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ತಮ್ಮ ಅಜಾಗರೂಕತೆಯಿಂದ ತಪ್ಪಿಸಿಕೊಳ್ಳಲಾಗದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರುತಿ ಝೆನ್ ಕಾರಿಗೆ ಸಿಕ್ಕ ನ್ಯಾಯ ಮನುಷ್ಯನಿಗೂ ಸಿಗಬೇಕಲ್ವಾ?

ಕಾನೂನು ಏನೇ ಇರಲಿ, ಕೊನೆಗೆ ಎಲ್ಲ ನಿಲ್ಲುವುದು ಬಿದ್ದ ಮೇಲೆ ಆ ರಿಗ್ ಅನ್ನು ಯಾರು ಪರೀಕ್ಷಿಸುತ್ತಾರೆ ಅನ್ನುವುದರ ಮೇಲೆ. 2006ರ ಜುಲೈನಲ್ಲಿ ಮಿಸೌರಿಯ ಸಲಿವನ್‌ನಲ್ಲಿ ಜಿಗಿಯುವವರನ್ನು ಹೊತ್ತ ಟ್ವಿನ್ ಆಟರ್ ವಿಮಾನ ಹಾರಿದ ಕೂಡಲೇ ಬಿದ್ದು ಆರು ಜನ ಸತ್ತರು. ವಿಮಾನ ಬಿದ್ದದ್ದರಿಂದ ಕೇಂದ್ರದ ಸಾರಿಗೆ ಸುರಕ್ಷಾ ಮಂಡಳಿ ಬಂತು, ಎಂಜಿನ್ ಬಿಚ್ಚಿತು, ಟರ್ಬೈನಿನ ಬ್ಲೇಡುಗಳು ಮುರಿದಿದ್ದನ್ನು ಕಂಡಿತು. ಎಂಜಿನ್ ನಿಂತ ಮೇಲೆ ಪೈಲಟ್ ವೇಗ ಕಾಯ್ದುಕೊಳ್ಳಲಿಲ್ಲ ಅಂತಲೂ ಬರೆಯಿತು, ಬ್ಲೇಡ್ ಯಾಕೆ ಮುರಿಯಿತು ಅಂತ ಹೇಳಲಿಲ್ಲ. ಆ ಮುರುಕು ಬ್ಲೇಡುಗಳನ್ನು ಹಿಡಿದುಕೊಂಡು ಐದು ಕುಟುಂಬಗಳು ಅವುಗಳನ್ನು ಪೂರೈಸಿದ ಕಂಪನಿಯ ಮೇಲೆ ಕೇಸ್ ನಡೆಸಿದವು, 2011ರಲ್ಲಿ ಜ್ಯೂರಿ ಪರಿಹಾರ ದಂಡ ಎಲ್ಲ ಸೇರಿ 4.8 ಕೋಟಿ ಡಾಲರ್ ಕೊಡಿಸಿತು.

ಅದೇ ಒಬ್ಬ ಮನುಷ್ಯ ಒಂಟಿಯಾಗಿ ಬಿದ್ದು ಸತ್ತರೆ ಆ ಮಂಡಳಿ ಬರುವುದಿಲ್ಲ. ಪೊಲೀಸರು ಬರುತ್ತಾರೆ, ವಿಮಾನಯಾನ ಇಲಾಖೆಯವರು ರಿಸರ್ವ್ ಪ್ಯಾಕ್ ಮಾಡಿದ ತಾರೀಖು, ರಿಗ್ಗರ್‌ನ ಸರ್ಟಿಫಿಕೇಟ್ ನೋಡುತ್ತಾರೆ. ಸಂಘಕ್ಕೆ ಒಂದು ವರದಿ ಹೋಗುತ್ತದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ವಾಸಿ, ಅಲ್ಲಿನ ಸಂಘ ತನಿಖಾ ಮಂಡಳಿ ಕೂರಿಸುತ್ತದೆ, ಆಮೇಲೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಅಂದರೆ ಕರೋನರ್ ಎದುರು ಬಹಿರಂಗ ವಿಚಾರಣೆ ಇರುತ್ತದೆ. ಇಲ್ಲಿ ಮೊದಲ ದಿನವೇ ಹಬ್ಬುವ ಮಾತು, ತಡವಾಗಿ ಎಳೆದನಂತೆ, ಗಾಬರಿಯಾದನಂತೆ. ಜಿಗಿಯುವವರಿಗೆ ಆ ಮಾತು ಸಮಾಧಾನ ಕೊಡುತ್ತದೆ, ಅವನು ತಪ್ಪು ಮಾಡಿದ, ನಾನು ಮಾಡುವುದಿಲ್ಲ ಅಂತ. ಬಹಳ ಸಲ ಅದು ನಿಜವೂ ಇರುತ್ತದೆ. ಆದರೆ ಆರ್ಗಸ್ ಕಟ್ಟರ್‌ನಂಥ ದೋಷ ಹೊರಬರಬೇಕಾದರೆ ಯಾರೋ ಒಬ್ಬರು ಆ ಸಮಾಧಾನಕ್ಕೆ ಒಪ್ಪದೆ ದಾರದ ತುದಿಯನ್ನು ಹತ್ತಿರದಿಂದ ನೋಡಬೇಕು. 2025ರ ಫೆಬ್ರವರಿಯಲ್ಲಿ ಹೊಸನಗರ ತಾಲ್ಲೂಕಿನ ವಾಯುಪಡೆಯ ವಾರಂಟ್ ಆಫೀಸರ್ ಒಬ್ಬರು ಆಗ್ರಾದಲ್ಲಿ ಜಿಗಿದು ತೀರಿಕೊಂಡಾಗ ನಮ್ಮ ಪತ್ರಿಕೆಗಳಲ್ಲಿ ಬಂದದ್ದೂ ಒಂದೇ ಸಾಲು, ಪ್ಯಾರಾಚೂಟ್ ತೆರೆದುಕೊಳ್ಳಲಿಲ್ಲ ಅಂತ. ಮೇನ್ ಏನಾಯಿತು, ರಿಸರ್ವ್ ಏನಾಯಿತು, ಯಾವುದರ ಸೀಲು ಹೇಗಿತ್ತು, ಆ ಒಂದು ಸಾಲಿನಲ್ಲಿ ಎಷ್ಟು ಪ್ರಶ್ನೆಗಳು ಮುಚ್ಚಿಹೋಗುತ್ತವೆ ಅಂತ ಜಿಗಿಯುವವರಿಗೆ ಗೊತ್ತು.

ಗೆಳೆಯನಿಗೆ ಹೇಳಬೇಕಾದದ್ದು ಇಷ್ಟು. ಬಾ, ಜಿಗಿ, ವೇವರ್ ಪೂರ್ತಿ ಓದಿ ಸಹಿ ಹಾಕು, ಅಲ್ಲಿನವರು ಆತುರ ಮಾಡಿದರೆ ಮಾಡಲಿ. ಆಮೇಲೆ ಇನ್‌ಸ್ಟ್ರಕ್ಟರ್ ಹತ್ತಿರ ಅವರ ಟ್ಯಾಂಡಮ್ ರೇಟಿಂಗ್ ಕಾರ್ಡ್ ತೋರಿಸಿ ಅಂತ ಕೇಳು, ರಿಸರ್ವ್ ಕಾರ್ಡಿನ ತಾರೀಖು ಕೇಳು. ಒಳ್ಳೆಯವರಾದರೆ ನಗುತ್ತಾ ತೋರಿಸುತ್ತಾರೆ. ಸಿಡುಕಿದರೆ ಅಲ್ಲಿ ಹಾರಬೇಡ, ಅಡ್ವಾನ್ಸ್ ಹೋದರೆ ಹೋಗಲಿ.